ಕ್ಯಾಲ್ಕ್ಯುಲೇಟರ್ ಪ್ರೋಗ್ರಾಮಿನ ಚಿತ್ರ: ಕುಗ್ಗಿಸಬೇಕೆ, ಹಾಗೇ ಬಿಡಬೇಕೆ?

ಕರ್ನಾಟಕದ ಹೆಚ್ಚಿನ ಮಕ್ಕಳು ಗ್ರಾಫಿಂಗ್ ಕ್ಯಾಲ್ಕ್ಯುಲೇಟರನ್ನು ಮುಟ್ಟದೆಯೇ ಪಿಯುಸಿ ಮುಗಿಸುತ್ತಾರೆ. ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್) ಪಠ್ಯಕ್ರಮದ ಗಣಿತಕ್ಕೆ ಮಾತ್ರ ಅದು ಬೇಕೇ ಬೇಕು. ಅಮೆರಿಕದ ಹೈಸ್ಕೂಲುಗಳಲ್ಲಂತೂ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಟಿಐ-84 ಇಲ್ಲದ ಬ್ಯಾಗು ಸಿಗುವುದು ಕಷ್ಟ. ಹಾಗಾಗಿ ಬೆಂಗಳೂರಿನ ಐಬಿ ಶಾಲೆಯ ಮಕ್ಕಳಿಗೂ ಅಮೆರಿಕದ ಕನ್ನಡ ಮನೆಗಳ ಮಕ್ಕಳಿಗೂ ಇದು ಪರಿಚಿತ ಯಂತ್ರ. ಸಮೀಕರಣದ ಗ್ರಾಫ್ ಬಿಡಿಸಲು ಕೊಂಡದ್ದು, ಕೆಲವೇ ದಿನಗಳಲ್ಲಿ ಆಟ ಆಡುವ, ಆಟ ಬರೆಯುವ ಯಂತ್ರವೂ ಆಗಿಬಿಡುತ್ತದೆ.

ಬರೆದ ಆಟವನ್ನು ಗೆಳೆಯರಿಗೆ ಕೊಡಲು ಹೊರಟಾಗ ತೊಡಕು ಶುರು. ಶೀರ್ಷಿಕೆ ಪುಟಕ್ಕೆ ಒಂದು ಚಿತ್ರ, ನಾಯಕನಿಗೆ ಒಂದಷ್ಟು ಭಂಗಿ, ಹಿನ್ನೆಲೆಗೆ ಒಂದು ಗೋಡೆ ಸೇರಿಸಿದರೆ ಸಾಕು, ಗೆಳೆಯನ ಯಂತ್ರದಲ್ಲಿ ಮೆಮೊರಿ ಸಾಲದು ಎಂಬ ಎರರ್ ಬರುತ್ತದೆ. ಚಿತ್ರವನ್ನು ಕಂಪ್ರೆಸ್ ಮಾಡು, ಅಂದರೆ ಕಡಿಮೆ ಬೈಟಿಗೆ ಕುಗ್ಗಿಸು, ಎಂದು ಯಾರೋ ಹೇಳುತ್ತಾರೆ. ಮಾಡಿದ ಮೇಲೂ ಅದೇ ಎರರ್ ಬರಬಹುದು, ಕೆಲವೊಮ್ಮೆ ಮೊದಲು ಬಾರದಿದ್ದ ಎರರ್ ಈಗ ಬರಬಹುದು. ಏಕೆ ಎಂಬುದು ತಿಳಿಯಲು ಯಂತ್ರದ ಒಳಗಿನ ಜಾಗದಿಂದ ಶುರು ಮಾಡಬೇಕು.

ಜಾಗ ಎರಡು ಬಗೆಯದು

ಈ ಕ್ಯಾಲ್ಕ್ಯುಲೇಟರುಗಳಲ್ಲಿ ರ‍್ಯಾಮ್ ಮತ್ತು ಆರ್ಕೈವ್ ಎಂಬ ಎರಡು ಸ್ಮೃತಿಗಳಿವೆ. ಪ್ರೋಗ್ರಾಂ ಓಡುವುದು, ಲೆಕ್ಕ ನಡೆಯುವುದು ರ‍್ಯಾಮಿನಲ್ಲಿ. ಅದು ವೇಗವಾದದ್ದು, ಆದರೆ ರೀಸೆಟ್ ಒತ್ತಿದರೆ ಖಾಲಿ. ಆರ್ಕೈವ್ ಎಂಬುದು ಫ್ಲ್ಯಾಶ್ ಚಿಪ್ಪಿನ ಒಂದು ಭಾಗ. ಅಲ್ಲಿಟ್ಟದ್ದು ರ‍್ಯಾಮ್ ಅಳಿಸಿದರೂ ಉಳಿಯುತ್ತದೆ. ಪರೀಕ್ಷೆಗೆ ಮುನ್ನ ಮೇಷ್ಟ್ರು ರ‍್ಯಾಮ್ ಖಾಲಿ ಮಾಡಿಸುವ ಕಡೆಗಳಲ್ಲಿ ಮಕ್ಕಳು ಆಟಗಳನ್ನೆಲ್ಲ ಆರ್ಕೈವಿಗೆ ಸಾಗಿಸುವುದು ಇದೇ ಕಾರಣಕ್ಕೆ.

1999ರಲ್ಲಿ ಬಂದ ಟಿಐ-83 ಪ್ಲಸ್‌ನಲ್ಲಿ ಬಳಕೆದಾರನಿಗೆ ಸಿಗುವುದು ಸುಮಾರು 24 ಕೆಬಿ ರ‍್ಯಾಮ್, 160 ಕೆಬಿ ಆರ್ಕೈವ್. 2015ರ ಟಿಐ-84 ಪ್ಲಸ್ ಸಿಇಯಲ್ಲಿ 154 ಕೆಬಿ ರ‍್ಯಾಮ್, 3 ಎಂಬಿ ಆರ್ಕೈವ್. ಇಂದಿನ ಫೋನಿನಲ್ಲಿ ತೆಗೆದ ಒಂದೇ ಫೋಟೊ 3 ಎಂಬಿ ದಾಟುವುದುಂಟು. ಸಾಲದ್ದಕ್ಕೆ ಸಿಇಯಲ್ಲಿ ಯಾವ ಒಂದು ಫೈಲೂ ಸುಮಾರು 64 ಕೆಬಿಗಿಂತ ದೊಡ್ಡದಿರುವಂತಿಲ್ಲ. ಆರ್ಕೈವಿನಲ್ಲಿ ಎಷ್ಟೇ ಜಾಗ ಉಳಿದಿದ್ದರೂ ಈ ಮಿತಿ ಮೀರಲಾಗದು.

ಈ ಎರಡು ಜಾಗಗಳನ್ನು ಒಂದೇ ಎಂದುಕೊಳ್ಳುವುದರಿಂದಲೇ ಕಂಪ್ರೆಷನ್ ಕುರಿತ ಅರ್ಧ ಗೊಂದಲ ಹುಟ್ಟುತ್ತದೆ. ಚಿತ್ರವನ್ನು ಕುಗ್ಗಿಸಿದರೆ ಉಳಿಯುವುದು ಆರ್ಕೈವಿನ ಜಾಗ. ಖರ್ಚಾಗುವುದು, ಬಹುಪಾಲು, ರ‍್ಯಾಮ್.

ಒಂದು ಚಿತ್ರಕ್ಕೆ ಎಷ್ಟು ಬೈಟ್

ಪರದೆ ಎಂದರೆ ಸಾಲಾಗಿ ಜೋಡಿಸಿದ ಚುಕ್ಕಿಗಳು, ಅಂದರೆ ಪಿಕ್ಸೆಲ್‌ಗಳು. ಟಿಐ-83 ಪ್ಲಸ್‌ನ ಕಪ್ಪು-ಬಿಳುಪು ಪರದೆಯಲ್ಲಿ ಅಡ್ಡಕ್ಕೆ 96, ಉದ್ದಕ್ಕೆ 64 ಚುಕ್ಕಿಗಳಿವೆ. ಚುಕ್ಕಿ ಒಂದೋ ಕಪ್ಪು ಅಥವಾ ಬಿಳಿ, ಆದ್ದರಿಂದ ಅದಕ್ಕೆ ಒಂದು ಬಿಟ್ ಸಾಕು. ಎಂಟು ಬಿಟ್ ಸೇರಿ ಒಂದು ಬೈಟ್. 96ನ್ನು 64ರಿಂದ ಗುಣಿಸಿ ಎಂಟರಿಂದ ಭಾಗಿಸಿದರೆ 768 ಬೈಟ್. ಇಡೀ ಪರದೆ ತುಂಬುವ ಚಿತ್ರಕ್ಕೆ ಒಂದು ಕೆಬಿಯೂ ಬೇಡ.

ಸಿಇಯ ಬಣ್ಣದ ಪರದೆ 320×240. ಒಂದೊಂದು ಚುಕ್ಕಿಯ ಬಣ್ಣ ಹೇಳಲು ಅಲ್ಲಿ 16 ಬಿಟ್, ಅಂದರೆ ಎರಡು ಬೈಟ್. ಲೆಕ್ಕ ಹಾಕಿದರೆ 1,53,600 ಬೈಟ್. ಬಳಕೆದಾರನ ರ‍್ಯಾಮ್ ಇರುವುದೇ ಸುಮಾರು ಅಷ್ಟು! ಪರದೆಗೆಂದೇ ಇದೇ ಅಳತೆಯ ಬೇರೆ ಸ್ಮೃತಿ ಇರುವುದರಿಂದ ಯಂತ್ರ ಬದುಕಿಕೊಂಡಿದೆ. ಕ್ಯಾಸಿಯೊದ ಎಫ್ಎಕ್ಸ್-ಸಿಜಿ50 ಪರದೆ 384×216. ಅಲ್ಲಿ ಪೂರ್ಣ ಚಿತ್ರಕ್ಕೆ 1,65,888 ಬೈಟ್.

ಆಟ ಬರೆಯುವವರು ಚುಕ್ಕಿಗೆ ಎರಡು ಬೈಟ್ ಖರ್ಚು ಮಾಡುವುದು ಅಪರೂಪ. 256 ಬಣ್ಣಗಳ ಒಂದು ಪಟ್ಟಿ ಮಾಡಿ, ಚುಕ್ಕಿಗೆ ಪಟ್ಟಿಯ ಕ್ರಮಸಂಖ್ಯೆಯನ್ನಷ್ಟೇ ಕೊಡುತ್ತಾರೆ. ಈ ಪಟ್ಟಿಯೇ ಪ್ಯಾಲೆಟ್. ಅದಕ್ಕೆ 512 ಬೈಟ್ ಹಿಡಿದರೂ ಚಿತ್ರ ಅರ್ಧಕ್ಕೆ, 76,800 ಬೈಟಿಗೆ ಇಳಿಯುತ್ತದೆ. ಆದರೂ 64 ಕೆಬಿಯ ಮಿತಿ ದಾಟಿದೆ, ಗಮನಿಸಿ. ಸಿಇಯಲ್ಲಿ 256 ಬಣ್ಣದ ಒಂದು ಪೂರ್ಣಪರದೆ ಚಿತ್ರವನ್ನು ಕುಗ್ಗಿಸದೆ ಒಂದೇ ಫೈಲಿನಲ್ಲಿ ಕಳಿಸಲು ಬರುವುದೇ ಇಲ್ಲ.

ಕುಗ್ಗಿಸುವುದೆಂದರೆ ಏನು ಮಾಡುವುದು

ಅತಿ ಸರಳ ವಿಧಾನದ ಹೆಸರು ಆರ್‌ಎಲ್‌ಇ. ಒಂದೇ ಬಣ್ಣ ಸತತವಾಗಿ ಬಂದರೆ ಅದನ್ನು ಮತ್ತೆ ಮತ್ತೆ ಬರೆಯದೆ, ಎಷ್ಟು ಸಲ, ಯಾವ ಬಣ್ಣ ಎಂದು ಎರಡು ಬೈಟಿನಲ್ಲಿ ಹೇಳುವುದು.

40 ಚುಕ್ಕಿಗಳ ಒಂದು ಸಾಲು ತೆಗೆದುಕೊಳ್ಳಿ. ಮೊದಲು 20 ಆಕಾಶ ನೀಲಿ, ಆಮೇಲೆ ಮೋಡದ 6 ಬಿಳಿ, ಮತ್ತೆ 14 ನೀಲಿ. ಚುಕ್ಕಿಗೊಂದು ಬೈಟಿನಂತೆ ಇದಕ್ಕೆ 40 ಬೈಟ್ ಬೇಕು. ಆರ್‌ಎಲ್‌ಇಯಲ್ಲಿ 20 ನೀಲಿ, 6 ಬಿಳಿ, 14 ನೀಲಿ ಎಂಬ ಮೂರು ಜೋಡಿ, ಒಟ್ಟು 6 ಬೈಟ್. ಭರ್ಜರಿ ಉಳಿತಾಯ.

ಅದೇ ಸಾಲಿನಲ್ಲಿ ಚದುರಂಗದ ಮಣೆಯ ಹಾಗೆ ಒಂದು ಕಪ್ಪು, ಒಂದು ಬಿಳಿ, ಒಂದು ಕಪ್ಪು ಎಂದು ಚುಕ್ಕಿ ಇಟ್ಟರೆ? 1 ಕಪ್ಪು, 1 ಬಿಳಿ ಎನ್ನುತ್ತ 40 ಜೋಡಿ ಬರೆಯಬೇಕು. 40 ಬೈಟಿನದು 80 ಆಯಿತು. ಕುಗ್ಗಿಸಲು ಹೋಗಿ ಹಿಗ್ಗಿಸಿದಂತಾಯಿತು. ಇದನ್ನು ತಪ್ಪಿಸಲೆಂದೇ ಬಳಕೆಯಲ್ಲಿರುವ ಹಲವು ಆರ್‌ಎಲ್‌ಇ ವಿಧಾನಗಳು ಸರಣಿ ಶುರುವಾದಾಗ ಮಾತ್ರ ಒಂದು ಗುರುತು ಹಾಕಿ, ಉಳಿದದ್ದನ್ನು ಇದ್ದ ಹಾಗೇ ಬಿಡುತ್ತವೆ.

ತಮಾಷೆಯೆಂದರೆ ಇದೇ ಮಣೆ ಹಳೆಯ ಕಪ್ಪು-ಬಿಳುಪು ಯಂತ್ರದಲ್ಲಿ ತಲೆಕೆಳಗಾಗುತ್ತದೆ. ಅಲ್ಲಿ ಎಂಟು ಚುಕ್ಕಿ ಒಂದು ಬೈಟಿನೊಳಗಿರುತ್ತವೆ. 40 ಚುಕ್ಕಿಯ ಸಾಲು ಐದೇ ಬೈಟ್, ಐದರಲ್ಲೂ ಇರುವುದು 10101010. ಐದು ಸಲ 10101010 ಎಂದರೆ ಮುಗಿಯಿತು, ಎರಡೇ ಬೈಟ್. ಆದ್ದರಿಂದ ಇದು ಕುಗ್ಗುತ್ತದೆಯೇ ಎಂಬ ಪ್ರಶ್ನೆಗೆ ಚಿತ್ರ ನೋಡಿ ಉತ್ತರಿಸಲಾಗದು. ಚಿತ್ರ ಬೈಟ್‌ಗಳಾಗಿ ಹೇಗೆ ಕೂತಿದೆ ಎಂಬುದನ್ನು ನೋಡಬೇಕು.

ಪಲ್ಲವಿಯನ್ನು ಮತ್ತೆ ಬರೆಯುವುದಿಲ್ಲ

ದೇವರನಾಮದ ಪುಸ್ತಕದಲ್ಲಿ ಪಲ್ಲವಿಯನ್ನು ಒಮ್ಮೆ ಪೂರ್ತಿ ಅಚ್ಚು ಹಾಕಿರುತ್ತಾರೆ. ಪ್ರತಿ ಚರಣದ ಕೊನೆಯಲ್ಲಿ ಬರೀ ‘ಪ’ ಎಂದು ಇರುತ್ತದೆ; ಹಾಡುವವರು ಮೇಲೆ ನೋಡಿ ಪಲ್ಲವಿ ಹಾಡಿಕೊಳ್ಳುತ್ತಾರೆ. ಎಲ್‌ಜೆಡ್ ಜಾತಿಯ ಕಂಪ್ರೆಷನ್ ಮಾಡುವುದೂ ಇದನ್ನೇ: ಇಷ್ಟು ಬೈಟ್ ಹಿಂದಕ್ಕೆ ಹೋಗು, ಅಲ್ಲಿಂದ ಇಷ್ಟು ಬೈಟ್ ನಕಲು ಮಾಡು.

ಟಿಐ ಯಂತ್ರಗಳಲ್ಲಿ ಹೆಚ್ಚು ಕೇಳಿಬರುವ ಹೆಸರುಗಳು ಜೆಡ್‌ಎಕ್ಸ್7 ಮತ್ತು ಜೆಡ್‌ಎಕ್ಸ್0. ಎರಡನ್ನೂ ಬರೆದವರು ಐನಾರ್ ಸೌಕಾಸ್. ಅವರು ಗಮನದಲ್ಲಿಟ್ಟುಕೊಂಡದ್ದು ಕ್ಯಾಲ್ಕ್ಯುಲೇಟರನ್ನಲ್ಲ, 1982ರ ಜೆಡ್‌ಎಕ್ಸ್ ಸ್ಪೆಕ್ಟ್ರಂ ಎಂಬ ಬ್ರಿಟಿಷ್ ಗೃಹಗಣಕವನ್ನು. ಆ ಗಣಕದ ಪ್ರೊಸೆಸರ್ ಜೆಡ್80. ಟಿಐ-83 ಪ್ಲಸ್‌ನದೂ ಜೆಡ್80; ಸಿಇಯದು ಅದೇ ವಂಶದ ಇಜೆಡ್80. ಹಾಗಾಗಿ ಆ ಕಡೆಯ ಪರಿಹಾರ ಈ ಕಡೆಗೆ ಸಲೀಸಾಗಿ ಬಂತು. ಕುಗ್ಗಿಸಿದ್ದನ್ನು ಮತ್ತೆ ಮೂಲರೂಪಕ್ಕೆ ಬಿಚ್ಚುವ ಕೋಡ್ ಅತಿ ಚಿಕ್ಕ ರೂಪದಲ್ಲಿ 70 ಬೈಟಿನ ಆಸುಪಾಸು ಎಂಬುದೇ ಇವುಗಳ ಹೆಗ್ಗಳಿಕೆ. ಕುಗ್ಗಿಸುವಾಗ ತಡವಾಗುತ್ತದೆ, ಆದರೆ ಆ ಕೆಲಸ ನಡೆಯುವುದು ನಿಮ್ಮ ಲ್ಯಾಪ್‌ಟಾಪಿನಲ್ಲಿ, ಒಮ್ಮೆ ಮಾತ್ರ.

ಎರಡಕ್ಕೂ ಒಂದು ವ್ಯತ್ಯಾಸವಿದೆ. ಜೆಡ್‌ಎಕ್ಸ್7 ಹಿಂದಕ್ಕೆ ತಿರುಗಿ ನೋಡಬಲ್ಲದ್ದು 2,176 ಬೈಟಿನವರೆಗೆ ಮಾತ್ರ. 2021ರ ಜೆಡ್‌ಎಕ್ಸ್0 ನೋಡಬಲ್ಲದ್ದು 32,640 ಬೈಟಿನವರೆಗೆ. ಸಿಇ ಪರದೆಯ ಒಂದು ಸಾಲಿಗೆ 320 ಬೈಟ್ ಎಂದರೆ, ಜೆಡ್‌ಎಕ್ಸ್7 ಕಣ್ಣಿಗೆ ಕಾಣುವುದು ಹಿಂದಿನ ಆರು ಚಿಲ್ಲರೆ ಸಾಲು. ಪ್ರತಿ 16 ಸಾಲಿಗೊಮ್ಮೆ ಮರುಕಳಿಸುವ ಇಟ್ಟಿಗೆ ಗೋಡೆ ಇದ್ದರೆ, ಮೇಲಿನ ಇಟ್ಟಿಗೆ 5,120 ಬೈಟ್ ಹಿಂದಿದೆ. ಜೆಡ್‌ಎಕ್ಸ್7 ಅದನ್ನು ಮರೆತಿರುತ್ತದೆ, ಜೆಡ್‌ಎಕ್ಸ್0 ನೆನಪಿಟ್ಟಿರುತ್ತದೆ. ಪೂರ್ಣಪರದೆ ಚಿತ್ರಗಳಿಗೆ ಎರಡನೆಯದನ್ನು ಆರಿಸುವುದು ಲೇಸು. ಫ್ರಾನ್ಸಿನ ನಮ್‌ವರ್ಕ್ಸ್ ಕ್ಯಾಲ್ಕ್ಯುಲೇಟರ್ ತನ್ನದೇ ಐಕಾನುಗಳಿಗೆ ಎಲ್‌ಜೆಡ್4 ಬಳಸುತ್ತದೆ. ಅದು ಕುಗ್ಗಿಸುವುದು ತುಸು ಕಡಿಮೆ, ಬಿಚ್ಚುವುದು ಬಲು ಬೇಗ.

ಬಿಚ್ಚುವಾಗ ತೆರುವ ಬೆಲೆ

ಕುಗ್ಗಿಸಿದ ಚಿತ್ರವನ್ನು ಪರದೆ ಅರ್ಥ ಮಾಡಿಕೊಳ್ಳುವುದಿಲ್ಲ. ತೋರಿಸುವ ಮೊದಲು ಅದನ್ನು ಮೂಲರೂಪಕ್ಕೆ ತರಬೇಕು, ತಂದದ್ದನ್ನು ಎಲ್ಲಿಯಾದರೂ ಇಡಬೇಕು. ಆ ‘ಎಲ್ಲಿಯಾದರೂ’ ಎಂದರೆ ರ‍್ಯಾಮ್.

ಸಿಇಯಲ್ಲಿ ಫ್ಲ್ಯಾಶ್ ಚಿಪ್ಪು ಪ್ರೊಸೆಸರಿಗೆ ರ‍್ಯಾಮಿನಂತೆಯೇ ನೇರವಾಗಿ ಓದಲು ಸಿಗುತ್ತದೆ. ಆರ್ಕೈವಿನಲ್ಲಿ ಕುಗ್ಗಿಸದೆ ಇಟ್ಟ ಸ್ಪ್ರೈಟನ್ನು, ಅಂದರೆ ಆಟದಲ್ಲಿ ಓಡಾಡುವ ಸಣ್ಣ ಚಿತ್ರವನ್ನು, ಅಲ್ಲಿಂದಲೇ ಓದಿ ಪರದೆಯ ಮೇಲೆ ಬಿಡಿಸಬಹುದು. ರ‍್ಯಾಮ್ ಖರ್ಚು ಇಲ್ಲವೇ ಇಲ್ಲ ಎನ್ನಬಹುದು. ಅದೇ ಸ್ಪ್ರೈಟನ್ನು ಕುಗ್ಗಿಸಿಟ್ಟರೆ ರ‍್ಯಾಮಿಗೆ ಬಿಚ್ಚಲೇಬೇಕು. 16×16ರ ಒಂದು ಸ್ಪ್ರೈಟಿಗೆ ಚುಕ್ಕಿಗೊಂದು ಬೈಟಿನಂತೆ 256 ಬೈಟ್. ಅಂಥ ನೂರು ಇದ್ದರೆ 25,600 ಬೈಟ್. ಕುಗ್ಗಿಸಿ ಆರ್ಕೈವಿನಲ್ಲಿ ಹತ್ತೋ ಹದಿನೈದೋ ಕೆಬಿ ಉಳಿಸಿದಿರಿ ಎನ್ನೋಣ. ಅದು 3 ಎಂಬಿಯಲ್ಲಿ ಲೆಕ್ಕಕ್ಕೇ ಬಾರದ ಉಳಿತಾಯ. ಅದಕ್ಕಾಗಿ 154 ಕೆಬಿಯಲ್ಲಿ 25 ಕೆಬಿಯನ್ನು ಆಟ ನಡೆಯುವಷ್ಟೂ ಹೊತ್ತು ಒತ್ತೆ ಇಟ್ಟಿರಿ. ಹೆಚ್ಚಾಗಿರುವುದನ್ನು ಉಳಿಸಲು ಕಡಿಮೆಯಿರುವುದನ್ನು ಕೊಟ್ಟಂತಾಯಿತು. ಕಂಪ್ರೆಸ್ ಮಾಡಿದ ಮೇಲೆ ಹೊಸದಾಗಿ ಮೆಮೊರಿ ಎರರ್ ಬರುವುದು ಇಂಥ ಕಡೆಯೇ.

ಶೀರ್ಷಿಕೆ ಪುಟದ ಕಥೆ ಬೇರೆ. ಅದು ಆಟ ಶುರುವಾದಾಗ ಒಮ್ಮೆ ಕಾಣುತ್ತದೆ, ಆಮೇಲೆ ಬೇಡ. 256 ಬಣ್ಣದ ಕ್ರಮದಲ್ಲಿ ಚುಕ್ಕಿಗೆ ಒಂದೇ ಬೈಟ್ ಸಾಕಾಗುವುದರಿಂದ ಪರದೆಯ ಸ್ಮೃತಿಯಲ್ಲಿ ಅರ್ಧ ಮಿಗುತ್ತದೆ. ಆ ಉಳಿದ 76,800 ಬೈಟನ್ನು ಮುಂದಿನ ದೃಶ್ಯ ಸಿದ್ಧಪಡಿಸಲು ಬಳಸುವುದು ರೂಢಿ. ಶೀರ್ಷಿಕೆ ಚಿತ್ರವನ್ನು ನೇರ ಅಲ್ಲಿಗೇ ಬಿಚ್ಚಿದರೆ ಬಳಕೆದಾರನ ರ‍್ಯಾಮನ್ನು ಮುಟ್ಟಬೇಕಾಗಿಯೇ ಇಲ್ಲ. ಬಿಚ್ಚಲು ಹಿಡಿಯುವ ಅರೆಕ್ಷಣವನ್ನು ಆ ಹೊತ್ತಿನಲ್ಲಿ ಯಾರೂ ಗಮನಿಸುವುದಿಲ್ಲ. ಜೊತೆಗೆ 64 ಕೆಬಿಯ ತೊಡಕೂ ನೀಗುತ್ತದೆ. ದೊಡ್ಡದು, ಒಮ್ಮೆ ಮಾತ್ರ ಕಾಣುವುದು ಎಂಬ ಎರಡೂ ಗುಣ ಇದ್ದರೆ ಕಣ್ಣುಮುಚ್ಚಿ ಕುಗ್ಗಿಸಬಹುದು. ಚಿಕ್ಕದು, ಪ್ರತಿ ಕ್ಷಣ ಬೇಕಾಗುವುದು ಎಂದಾದರೆ ಸಿಇಯಲ್ಲಿ ಹಾಗೇ ಬಿಡಿ.

ಟಿಐ-83 ಪ್ಲಸ್‌ಗೆ ಈ ತರ್ಕ ಪೂರ್ತಿ ಒಗ್ಗದು. ಅಲ್ಲಿ ಫ್ಲ್ಯಾಶ್ 16 ಕೆಬಿಯ ಪುಟಗಳಾಗಿ ಒಡೆದಿದೆ, ಒಂದು ಹೊತ್ತಿಗೆ ಒಂದು ಪುಟವಷ್ಟೇ ಪ್ರೊಸೆಸರಿನ ಕಣ್ಣಿಗೆ ಬೀಳುತ್ತದೆ. ಫೈಲು ಎರಡು ಪುಟಗಳ ಗಡಿಯಲ್ಲಿ ಕೂತಿದ್ದರೆ ನೇರ ಓದುವುದು ರಗಳೆ. ಹಾಗಾಗಿ ಪ್ರೋಗ್ರಾಮನ್ನು ಚಿತ್ರಸಮೇತ ರ‍್ಯಾಮಿಗೆ ನಕಲು ಮಾಡಿಕೊಂಡೇ ಓಡಿಸುವುದು ರೂಢಿ. ಹೇಗೂ ರ‍್ಯಾಮಿಗೆ ಬರಲೇಬೇಕಾದದ್ದು ಚಿಕ್ಕದಾಗಿ ಬರಲಿ ಎನ್ನುವುದು ಅಲ್ಲಿ ಸರಿಯಾದ ಲೆಕ್ಕ. ಅಲ್ಲೂ ಕೆಳಗಿನ ಮಿತಿಯೊಂದಿದೆ. ಕಪ್ಪು-ಬಿಳುಪಿನ 8×8 ಸ್ಪ್ರೈಟಿಗೆ ಬೇಕಾದದ್ದು ಎಂಟೇ ಬೈಟ್. ಅಂಥ ಏಳೆಂಟು ಸ್ಪ್ರೈಟು ಕುಗ್ಗಿಸಲು 70 ಬೈಟಿನ ಬಿಚ್ಚುವ ಕೋಡ್ ಸೇರಿಸಿದರೆ, ಚಿತ್ರಗಳೆಲ್ಲ ಸೇರಿದ್ದಕ್ಕಿಂತ ಕೋಡೇ ದೊಡ್ಡದು.

ಇನ್ನೊಂದು ವಿಚಾರ. ಸಿಇಗೆ ಸಿ ಭಾಷೆಯಲ್ಲಿ ಬರೆಯುವವರ ಟೂಲ್‌ಚೈನಿನಲ್ಲಿ, ಅಂದರೆ ಬರೆದ ಕೋಡನ್ನು ಯಂತ್ರ ಓಡಿಸಬಲ್ಲ ರೂಪಕ್ಕೆ ತರುವ ಸಲಕರಣೆಗಳಲ್ಲಿ, ಇಡೀ ಪ್ರೋಗ್ರಾಮನ್ನೇ ಕುಗ್ಗಿಸುವ ಒಂದು ಆಯ್ಕೆ ಇದೆ. ಅದನ್ನು ಹಾಕಿದರೆ ಒಳಗಿನ ಚಿತ್ರಗಳೂ ಅದರೊಟ್ಟಿಗೇ ಕುಗ್ಗುತ್ತವೆ. ಮೊದಲೇ ಕುಗ್ಗಿಸಿದ್ದನ್ನು ಮತ್ತೆ ಕುಗ್ಗಿಸಿದರೆ ಲಾಭ ಬಹುತೇಕ ಸೊನ್ನೆ. ಓಡಿಸುವಾಗ ಪ್ರೋಗ್ರಾಂ ಪೂರ್ತಿ ರ‍್ಯಾಮಿನಲ್ಲಿ ಹಿಗ್ಗುತ್ತದೆ ಎಂಬುದನ್ನೂ ಮರೆಯಬಾರದು. ಚಿತ್ರಗಳನ್ನು ಪ್ರೋಗ್ರಾಮಿನಿಂದ ಹೊರತೆಗೆದು ಬೇರೆ ಡೇಟಾ ಫೈಲಿನಲ್ಲಿ, ಆಪ್‌ವಾರ್ ಎನ್ನುತ್ತಾರಲ್ಲ ಅದರಲ್ಲಿ, ಇಡುವುದರಿಂದ ಈ ಹೊರೆ ತಪ್ಪುತ್ತದೆ.

ಕುಗ್ಗಿಸುವ ಮೊದಲು ಕಡಿಮೆ ಮಾಡುವುದು

ಕಂಪ್ರೆಷನ್ ಎಂದೊಡನೆ ಜೆಪೆಗ್ ನೆನಪಾಗುತ್ತದೆ. ಜೆಪೆಗ್ ಕಣ್ಣಿಗೆ ಗೊತ್ತಾಗದ ವಿವರಗಳನ್ನು ಬಿಸಾಡಿ ಜಾಗ ಉಳಿಸುತ್ತದೆ. ಬಿಸಾಡಿದ್ದು ಮರಳಿ ಬರುವುದಿಲ್ಲ. ಆರ್‌ಎಲ್‌ಇ, ಜೆಡ್‌ಎಕ್ಸ್0 ಏನನ್ನೂ ಬಿಸಾಡುವುದಿಲ್ಲ. ಕ್ಯಾಲ್ಕ್ಯುಲೇಟರಿನಲ್ಲಿ ಜೆಪೆಗ್ ಬಿಚ್ಚಲು ತುಂಬ ಗಣಿತ ಬೇಕು, ಜೊತೆಗೆ ಚುಕ್ಕಿಚುಕ್ಕಿಯಾಗಿ ಬಿಡಿಸಿದ ಚಿತ್ರದ ಅಂಚುಗಳು ಅದರಲ್ಲಿ ಕದಡಿಹೋಗುತ್ತವೆ.

ಹಾಗೆಂದು ಬಿಸಾಡುವ ಹಂತ ಇಲ್ಲವೆಂದಲ್ಲ. ಅದು ಮೊದಲೇ, ಬರೆಯುವವನ ಕೈಯಲ್ಲೇ ನಡೆಯುತ್ತದೆ. 256ರ ಬದಲು 16 ಬಣ್ಣ ಸಾಕು ಎಂದರೆ ಚುಕ್ಕಿಗೆ ನಾಲ್ಕು ಬಿಟ್, ಪೂರ್ಣ ಪರದೆ 38,400 ಬೈಟ್. ಚಿತ್ರವನ್ನು 160×120ರಲ್ಲಿ ಬಿಡಿಸಿ, ತೋರಿಸುವಾಗ ಎರಡು ಪಟ್ಟು ದೊಡ್ಡದು ಮಾಡಿದರೆ 256 ಬಣ್ಣ ಇದ್ದರೂ 19,200 ಬೈಟ್. ಟಿಐ ಕೂಡ ಇದನ್ನೇ ಮಾಡಿದೆ: ಸಿಇಯಲ್ಲಿ ಗ್ರಾಫಿನ ಹಿಂದೆ ಹಾಕುವ ಹಿನ್ನೆಲೆ ಚಿತ್ರ ಒಳಗೆ ಇರುವುದು 133×83 ಚುಕ್ಕಿಗಳಾಗಿ, ಪರದೆಯ ಮೇಲೆ ಅದರ ಇಮ್ಮಡಿ.

ಬಣ್ಣ ಕಡಿಮೆ ಮಾಡುವಾಗ ಡಿದರಿಂಗ್ ಎಂಬ ಆಯ್ಕೆ ಎದುರಾಗುತ್ತದೆ. ಇಲ್ಲದ ಬಣ್ಣವನ್ನು ಇರುವ ಎರಡು ಬಣ್ಣಗಳ ಚುಕ್ಕಿ ಬೆರೆಸಿ ಇದ್ದಂತೆ ತೋರಿಸುವ ಉಪಾಯ ಅದು. ಫೋಟೊ ಚೆನ್ನಾಗಿ ಕಾಣುತ್ತದೆ, ಆದರೆ ಸಪಾಟಾಗಿದ್ದ ಆಕಾಶ ಎರಚಿದ ಚುಕ್ಕಿಗಳ ರಾಶಿಯಾಗಿ, ಕಂಪ್ರೆಷನ್ನಿಗೆ ಹಿಡಿತವೇ ಸಿಗದಂತಾಗುತ್ತದೆ. ನನ್ನನ್ನು ಕೇಳಿದರೆ 320×240ರ ಪರದೆಯಲ್ಲಿ ಸಪಾಟು ಬಣ್ಣದ ಸ್ಪಷ್ಟ ಚಿತ್ರವೇ ಚೆಂದ. ಬೈಟ್ ಉಳಿಯುವುದು ಅದರ ಮೇಲಿನ ಲಾಭ.

ಜಿಪ್ ಫೈಲಿನ ಗಾತ್ರ ಬೇರೆ ಮಾತು

ಪ್ರೋಗ್ರಾಮುಗಳನ್ನು ಸಾಮಾನ್ಯವಾಗಿ ಜಿಪ್ ಮಾಡಿ ಹಂಚುತ್ತಾರೆ. ಜಿಪ್ ಕೂಡ ಎಲ್‌ಜೆಡ್ ಜಾತಿಯದೇ. ಕುಗ್ಗಿಸದ ಚಿತ್ರಗಳಿದ್ದರೆ ಅದೇ ಚೆನ್ನಾಗಿ ಕುಗ್ಗಿಸಿಕೊಳ್ಳುತ್ತದೆ. ಮೊದಲೇ ಕುಗ್ಗಿಸಿದ್ದರೆ ಅದಕ್ಕೆ ಮಾಡಲು ಕೆಲಸ ಉಳಿದಿರುವುದಿಲ್ಲ. ಹಾಗಾಗಿ ಎರಡೂ ಬಗೆಯ ಪ್ರೋಗ್ರಾಮುಗಳ ಜಿಪ್ ಹತ್ತಿರಹತ್ತಿರ ಒಂದೇ ಗಾತ್ರದ್ದಾಗಿರುವುದುಂಟು. ಡೌನ್‌ಲೋಡ್ ಗಾತ್ರ ನೋಡಿ ಕ್ಯಾಲ್ಕ್ಯುಲೇಟರಿನಲ್ಲಿ ಹಿಡಿಯುವ ಜಾಗ ಊಹಿಸಬಾರದು. ಪಡೆಯುವವನಿಗೆ ಬೇಕಾದ ಸಂಖ್ಯೆಗಳು ಎರಡು: ಆರ್ಕೈವಿನಲ್ಲಿ ಎಷ್ಟು ಹಿಡಿಯುತ್ತದೆ, ಓಡಿಸುವಾಗ ಎಷ್ಟು ರ‍್ಯಾಮ್ ಖಾಲಿ ಇರಬೇಕು. ಎರಡನೆಯದನ್ನು ಬರೆಯುವವರು ಕಡಿಮೆ, ಎರರ್ ಬರುವುದು ಮಾತ್ರ ಅದರಿಂದಲೇ ಹೆಚ್ಚು.

2020ರಲ್ಲಿ ಟಿಐ ಸಿಇಯ ಹೊಸ ಆಪರೇಟಿಂಗ್ ಸಿಸ್ಟಮ್ಮಿನಿಂದ ಅಸೆಂಬ್ಲಿ (ಪ್ರೊಸೆಸರಿಗೆ ನೇರ ಆಜ್ಞೆ ಕೊಡುವ ಭಾಷೆ) ಮತ್ತು ಸಿ ಪ್ರೋಗ್ರಾಮುಗಳನ್ನು ಓಡಿಸುವ ಸೌಲಭ್ಯ ತೆಗೆದುಹಾಕಿತು. ಉತ್ಸಾಹಿಗಳು ಒಳದಾರಿ ಕಂಡುಕೊಂಡರೂ, ಯಾವ ಆವೃತ್ತಿಯಲ್ಲಿ ಓಡುತ್ತದೆ ಎಂದು ಜೊತೆಯಲ್ಲಿ ಬರೆಯುವುದು ಈಗ ಅನಿವಾರ್ಯ.

ಬೇಸಿಕ್‌ನಲ್ಲಿ ಬರೆಯುವವರಿಗೆ

ಯಂತ್ರದೊಳಗೇ ಇರುವ ಸರಳ ಭಾಷೆಯಾದ ಟಿಐ-ಬೇಸಿಕ್‌ನಲ್ಲಿ ಯಂತ್ರದ ಮೇಲೇ ಬರೆಯುವ ಮಕ್ಕಳಿಗೆ ಮೇಲಿನ ಬಹುಪಾಲು ಅನ್ವಯಿಸದು. ಅಲ್ಲಿ ಚಿತ್ರಕ್ಕಿರುವುದು ಪಿಕ್ 0ರಿಂದ ಪಿಕ್ 9ರವರೆಗೆ ಹತ್ತೇ ಹತ್ತು ಮನೆ. ಟಿಐ-83 ಪ್ಲಸ್‌ನಲ್ಲಿ ಒಂದು ಪಿಕ್‌ನಲ್ಲಿರುವ ಚಿತ್ರದ ಪಾಲು 756 ಬೈಟ್, ಚಿತ್ರ ಖಾಲಿಯಿದ್ದರೂ ಅಷ್ಟೇ. ಗಾತ್ರಕ್ಕಿಂತ ದೊಡ್ಡ ತೊಂದರೆ ಬೇರೆ: ನೀವು ಕಳಿಸುವ ಪಿಕ್ 1, ಗೆಳೆಯ ಇಟ್ಟುಕೊಂಡಿದ್ದ ಪಿಕ್ 1ರ ಮೇಲೆ ಹೋಗಿ ಕೂರುತ್ತದೆ. ಚಿತ್ರವನ್ನು ಹೆಕ್ಸ್ ಅಕ್ಷರಗಳಾಗಿ (0ರಿಂದ 9, ಎಯಿಂದ ಎಫ್) ಪ್ರೋಗ್ರಾಮಿನೊಳಗೇ ಬರೆಯುವ ದಾರಿಯಿದೆ, ಆದರೆ ಒಂದು ಬೈಟಿಗೆ ಎರಡು ಅಕ್ಷರ ಬೇಕಾಗುವುದರಿಂದ ಗಾತ್ರ ಎರಡು ಪಟ್ಟು. ಗೆರೆ, ವೃತ್ತಗಳಿಂದ ಬಿಡಿಸಬಹುದಾದ ಚಿತ್ರವಾಗಿದ್ದರೆ ಬಿಡಿಸುವ ಆಜ್ಞೆಗಳನ್ನೇ ಬರೆಯುವುದು ಮೇಲು. ನಿಧಾನ, ಆದರೆ ಯಾರ ಪಿಕ್ಕೂ ಅಳಿಯುವುದಿಲ್ಲ.

ಜೊತೆಗಿಡುವ ಚಿತ್ರಗಳು

ಆಟ ಹೇಗಿದೆ ಎಂದು ತೋರಿಸುವ ಸ್ಕ್ರೀನ್‌ಶಾಟಿಗೆ ಪಿಎನ್‌ಜಿ ಬಳಸಿ, ಚಲನೆ ತೋರಿಸಬೇಕಿದ್ದರೆ ಜಿಫ್. ಬಣ್ಣ ಕಡಿಮೆಯಿರುವ ಇಂಥ ಚಿತ್ರ ಪಿಎನ್‌ಜಿಯಲ್ಲಿ ಸಾಮಾನ್ಯವಾಗಿ ಕೆಲವೇ ಕೆಬಿ. ಜೆಪೆಗ್ ಮಾಡಿದರೆ ಗಾತ್ರವೂ ಹೆಚ್ಚಬಹುದು, ಅಕ್ಷರಗಳ ಸುತ್ತ ಕೊಳೆಯೂ ಮೆತ್ತಿಕೊಳ್ಳುತ್ತದೆ.

ಪ್ರೋಗ್ರಾಮಿನ ಮೂಲ ಕೋಡ್ ಹಂಚುವವರು ಬಣ್ಣ ಇಳಿಸುವ ಮುಂಚಿನ ಮೂಲ ಚಿತ್ರಗಳನ್ನೂ ಅದರ ಜೊತೆ ಇಡುವುದು ಒಳ್ಳೆಯದು. ಜೆಡ್‌ಎಕ್ಸ್0 ಕುಗ್ಗಿಸಿದ್ದನ್ನು ಯಾರು ಬೇಕಾದರೂ ಮೊದಲಿನಂತೆ ಬಿಚ್ಚಿಕೊಳ್ಳಬಹುದು. 16 ಬಣ್ಣಕ್ಕೆ ಇಳಿಸಿ, ಅರ್ಧಕ್ಕೆ ಕಿರಿದಾಗಿಸಿದ ಚಿತ್ರದಿಂದ ಮೂಲ ಚಿತ್ರ ತೆಗೆಯಲು ಬರುವುದಿಲ್ಲ. ನಾಳೆ ಅದೇ ಆಟವನ್ನು ಕ್ಯಾಸಿಯೊದ 384×216 ಪರದೆಗೆ ಒಗ್ಗಿಸಲು ಹೊರಟವರಿಗೆ ಬೇಕಾಗುವುದು ಆ ಮೂಲವೇ.